ನುಗ್ಗೆಯ ಬುಡಕ್ಕೆ ಸುರಿದ ಸೊಪ್ಪು

ಖಾನಾಪುರದಲ್ಲಿ ನನ್ನ ತಂಗಿಯನ್ನು ಕೊಟ್ಟ ಮನೆಯ ಹಿತ್ತಲಲ್ಲಿ ಒಂದು ನುಗ್ಗೆ ಮರವಿತ್ತು. ಒಂದು ಭಾದ್ರಪದದಲ್ಲಿ ಹನ್ನೊಂದು ದಿನ, ದಿನವೂ ಬೆಳಿಗ್ಗೆ, ನಾನು ಅದರ ಬುಡಕ್ಕೆ ತಂಗಿಯ ಔಷಧವನ್ನು ಸುರಿದೆ. ಸುರಿದು, ಬಟ್ಟಲು ತೊಳೆದು, ಒಳಗೆ ಬಂದು, ಅವಳ ಅತ್ತೆಗೆ "ಕುಡಿದಳು" ಎಂದು ಹೇಳಿದೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ತಂಗಿಗೆ ಗೊತ್ತು. ಆದರೆ ಗೊತ್ತಿರುವವಳ ಮುಂದೆ ಹೇಳಿಕೊಂಡರೆ ಅದು ಹೇಳಿದಂತಾಗುವುದಿಲ್ಲ.

ನಾನು ಕನ್ನಡ ಸಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಓದಿದವಳು. ಬಸದಿಯಲ್ಲಿ ಹೆಂಗಸರಿಗೆ ಪುರಾಣ ಓದಿ ಹೇಳುತ್ತ ಬಂದುದರಿಂದ ಅಕ್ಷರ ಉಳಿಯಿತು. ಚೆಂದ ಮಾಡಿ ಬರೆಯಲು ಬಾರದು. ನಡೆದದ್ದನ್ನು ನಡೆದ ಹಾಗೆ ಇಡುತ್ತೇನೆ.

ನಮ್ಮ ತವರುಮನೆ ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಅಪ್ಪನದು ಬೆಲ್ಲ, ಬೇಳೆಯ ಅಂಗಡಿ. ನಾವು ಜೈನರು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಸೊಪ್ಪು ಒಳಗೆ ಬರುವಂತಿರಲಿಲ್ಲ. ಮಳೆಯಲ್ಲಿ ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಹುಟ್ಟುತ್ತವೆ, ಎಲೆ ತಿಂದರೆ ಅವು ಸಾಯುತ್ತವೆ, ಅದಕ್ಕೆ. ಪೀರನವಾಡಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಸೊಪ್ಪಿನವಳು ಆ ನಾಲ್ಕು ತಿಂಗಳು ನಮ್ಮ ಬಾಗಿಲಲ್ಲಿ ಕೂಗುತ್ತಲೇ ಇರಲಿಲ್ಲ. ಹಾದು ಹೋಗುವಾಗ ಅವ್ವನಿಗೆ ಒಂದು ಮಾತು ಒಗೆದು ಹೋಗುವಳು: "ನಿಮ್ಮ ದೇವರಿಗೆ ನನ್ನ ಮ್ಯಾಲ ನಾಕ ತಿಂಗಳ ಸಿಟ್ಟ ನೋಡವಾ. ಕಾರ್ತೀಕಕ್ಕ ಮತ್ತ ಕರೀತಾನ." ಅವ್ವ ನಕ್ಕು ಒಳಗೆ ಬರುವಳು.

ನನಗೆ ಹದಿನಾರಕ್ಕೆ ಗಂಡ ಸತ್ತ. ತವರಿಗೆ ಬಂದೆ. ಆಮೇಲೆ ನನ್ನದು ಎಂದು ಉಳಿದದ್ದು ನೇಮಗಳು. ಒಪ್ಪೊತ್ತು ಊಟ, ಕಾಯಿಸಿ ಆರಿಸಿದ ನೀರು, ಇಂಥ ತಿಥಿಗೆ ಇಂಥದು ಬಿಡುವುದು. ಬಸದಿಯಲ್ಲಿ ವಯಸ್ಸಾದ ಹೆಂಗಸರೂ ನನಗೆ ಜಾಗ ಬಿಟ್ಟು ಕೂಡುತ್ತಿದ್ದರು. "ಈಕೀ ಹಿಡದ್ರ ಹಿಡದ್ಲು, ಬಿಡೂದಿಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಹಸಿವೆಯಾಗುತ್ತಿರಲಿಲ್ಲ. ಅದು ಭಕ್ತಿಯೆಂದೇ ತಿಳಿದಿದ್ದೆ.

ತಂಗಿ ನನಗಿಂತ ಐದು ವರ್ಷ ಚಿಕ್ಕವಳು. ಸಣ್ಣವಳಿದ್ದಾಗಿನಿಂದ ನಾನು ಹೋದಲ್ಲಿ ಬರುವವಳು, ನಾನು ಬಿಟ್ಟದ್ದನ್ನು ಬಿಡುವವಳು. ಅವಳನ್ನು ಖಾನಾಪುರಕ್ಕೆ ಕೊಟ್ಟರು. ಒಳ್ಳೆಯ ಮನೆ. ಗಂಡ ಲೋಂಡಾದ ಮರದ ಡಿಪೋದಲ್ಲಿ ಗುಮಾಸ್ತ, ಶನಿವಾರ ರೈಲಿಗೆ ಬಂದು ಸೋಮವಾರ ಹೋಗುವವ. ಅತ್ತೆಯ ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಮೊದಲ ಆಷಾಢಕ್ಕೆ ತವರಿಗೆ ಬಂದಾಗ ತಂಗಿ ಮೂರು ತಿಂಗಳ ಬಸುರಿ. ಕೈತುಂಬ ಬಳೆ. ಮಾತಿಗೊಮ್ಮೆ "ನಮ್ಮ ಮನ್ಯಾಗ", "ನಮ್ಮ ಅತ್ತಿ" ಎನ್ನುವಳು. ಅವಳ "ನಮ್ಮ ಮನಿ" ಈಗ ಬೇರೆ ಊರಲ್ಲಿದೆ ಎಂದು ನನಗೆ ಆಗ ಗೊತ್ತಾಯಿತು.

ಆ ಆಷಾಢದಲ್ಲಿ ನಾನು ಬಸದಿಯಲ್ಲಿ ಕಾರ್ತೀಕ ಹುಣ್ಣಿಮೆಯವರೆಗೆ ಹಸಿರೆಲೆ ಮುಟ್ಟುವುದಿಲ್ಲವೆಂದು ನೇಮ ಹಿಡಿದೆ. ಮನೆಯ ರೂಢಿ ಬೇರೆ, ದೇವರ ಮುಂದೆ ಅಕ್ಷತೆ ಹಿಡಿದು ನುಡಿಯುವುದು ಬೇರೆ. ರೂಢಿ ಬೇನೆ ಬಂದಾಗ ಸಡಿಲುತ್ತದೆ. ನಾನು ಅಕ್ಷತೆ ಹಿಡಿದಿದ್ದ ಕೈಯ ಮೇಲೆ ತಂಗಿ ತನ್ನ ಕೈ ಇಟ್ಟಳು.

"ಅಕ್ಕಾ, ನೀ ಹಿಡಿದದ್ದ ನಂದೂ."

ಅವ್ವ ಹಿಂದೆಯೇ ನಿಂತಿದ್ದಳು. "ಬಸರೀ ಅದಾಳ. ಆಕೀಗ್ಯಾಕ ನೇಮಾ?"

"ಆಕೀಗ ಮನಸ್ಸೈತಿ. ನೀ ಯಾಕ ಅಡ್ಡ ಬರ್ತಿ?" ಎಂದೆ.

ನಾಲ್ಕು ಜನ ಹೆಂಗಸರು ನೋಡುತ್ತಿದ್ದರು. ಬಳೆ ತುಂಬಿದ ಆ ಕೈ ನನ್ನ ಬರಿಗೈಯ ಮೇಲೆ ಇದ್ದುದು ನನಗೆ ಹಿತವಾಗಿತ್ತು. ಬಚ್ಚಿಡುವುದಿಲ್ಲ.

ಶ್ರಾವಣದಲ್ಲಿ ಅವಳು ಖಾನಾಪುರಕ್ಕೆ ಹೋದಳು. ಭಾದ್ರಪದ ಹುಟ್ಟಿ ನಾಲ್ಕೈದು ದಿನಕ್ಕೆ ಅವಳ ಗಂಡ ಬೆಳಗಾವಿಯ ನಮ್ಮ ಮನೆಗೆ ಬಂದ. ಚಪ್ಪಲಿಯನ್ನೂ ಕಳೆಯದೆ ಬಾಗಿಲಲ್ಲೇ ನಿಂತು, "ಆಕೀಗೆ ಕಾಮಣಿ ಆಗೇತ್ರಿ. ಅವ್ವ ಅಕ್ಕಾರನ್ನ ಕರಕೊಂಡ ಬಾ ಅಂದಾಳ" ಎಂದ. ಕಾಮಣಿ ಎಂದರೆ ಕಾಮಾಲೆ. ಅರಿವೆಯಲ್ಲಿ ಸೋಸಿ ಕಾಯಿಸಿದ ನೀರು ಕುಡಿಯುವ ಮನೆಯಲ್ಲಿ ಅದು ಹೇಗೆ ಬಂತೋ. ಮರುದಿನ ಬೆಳಗಿನ ರೈಲಿಗೆ ಅವನ ಜೊತೆ ಹೋದೆ.

ತಂಗಿ ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಕಣ್ಣಿನ ಬಿಳಿ ಹಳದಿಯಾಗಿತ್ತು. ನನ್ನನ್ನು ನೋಡಿ ಕೈ ಎತ್ತಿ ಉಗುರು ತೋರಿಸಿದಳು.

"ನೋಡ ಅಕ್ಕಾ, ಬಂಗಾರ ಆಗೇನಿ. ಅಪ್ಪಗ ತಕ್ಕಡಿ ತರಾಕ ಹೇಳ."

ಅತ್ತೆ ಬಾಗಿಲಿಂದಲೇ, "ಅರಿಷಿಣದಾಗ ಮುಳುಗಿ ಎದ್ದಾಳ ನಿಮ್ಮ ತಂಗಿ. ಇನ್ನೊಮ್ಮೆ ಲಗ್ನಾ ಮಾಡೂಣೇನ್ರಿ ಅಕ್ಕಾರ?" ಎಂದು ನಗಿಸಿದಳು. ನಗಿಸಿ ಹೊರಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ತಪ್ಪಲದ, ಅಂದರೆ ಸೊಪ್ಪಿನ, ಔಷಧದ ಮಾತು ಹೇಳಿದಳು:

"ಹೊಳಿ ದಂಡಿಗೆ ಒಬ್ಬಾಕಿ ಮುದಿಕಿ ಅದಾಳ. ಕಾಮಣಿಗೆ ತಪ್ಪಲ ಔಷಧ ಕೊಡ್ತಾಳ. ಈ ಊರಾಗ ಆಕೀ ಕೈಲೆ ಉಳದವರು ಭಾಳ ಮಂದಿ. ತಪ್ಪಲ ಅಂದಕೂಡ್ಲೆ ಈ ಹುಡಿಗಿ ನೇಮಾ ಅನ್ನಾಕ ಹತ್ತೇತಿ. ನಾ ಬಸದಿ ಉಪಾಧ್ಯೇರನ್ನ ಕೇಳಿ ಬಂದೇನ್ರಿ. ಬ್ಯಾನಿ ಬಂದಾಗ ಔಷಧಕ್ಕ ನೇಮ ಅಡ್ಡ ಬರೂದಿಲ್ಲ, ಆಮ್ಯಾಲ ಪ್ರಾಯಶ್ಚಿತ್ತ ಐತಿ ಅಂದ್ರು. ನನ್ನ ಮಾತ ಆಕೀ ಕೇಳವಲ್ಲಳು. ನೀವ ಹೇಳ್ರಿ, ನಿಮ್ಮ ಮಾತ ಕೇಳತಾಳ."

"ಆಗಲಿ ಅತ್ತ್ಯಾರ" ಎಂದೆ.

ಆಗ ನಾನು ಹೇಳಬೇಕಾದದ್ದು ಒಂದೇ ಮಾತು. ಕೋಣೆಗೆ ಹೋಗಿ ಕೂತೆ. ತಂಗಿಯೇ ಕೇಳಿದಳು.

"ಉಪಾಧ್ಯೇರು ನಡೀತೈತಿ ಅಂದಾರಂತ. ನೀ ಏನಂತಿ ಅಕ್ಕಾ?"

"ನಿನ್ನ ಮನಸ್ಸು. ನಾ ಅಂತೂ ಎಂಥಾದ್ದ ಬರಲಿ ಮುರೀತಿದ್ದಿಲ್ಲ."

"ಹಂಗಾರ ನನಗೂ ಬ್ಯಾಡ" ಎಂದಳು. ಅತ್ತೆಗೆ ತಿಳಿದರೆ ಬಲವಂತವಾಗಿ ಕುಡಿಸುತ್ತಾಳೆ, ಆದ್ದರಿಂದ ಹೇಳುವುದು ಬೇಡವೆಂದು ಮಾತಾಯಿತು. ಹಾಗೆಂದು ಹೇಳಿದವಳು ನಾನೇ.

ಮರುದಿನ ಬೆಳಿಗ್ಗೆ ಹೊಳೆಯ ದಂಡೆಗೆ ಹೋದೆ. ಮುದುಕಿಯದು ಒಂದೇ ಕೋಣೆಯ ಮನೆ. ಮುಂದೆ ಬೇಲಿ, ಬೇಲಿಯ ಒಳಗೆ ಕಾಲಿಡಲು ಜಾಗವಿಲ್ಲದ ಹಾಗೆ ಸೊಪ್ಪು. ಕೆಲವು ಬಿತ್ತಿದ್ದು, ಕೆಲವು ತಾವೇ ಬಂದದ್ದು. ನೆಲನೆಲ್ಲಿ, ಗರುಗ, ರಾಜಗಿರಿ, ಮೂಲಂಗಿ. ಎಲೆಗಳ ಮೇಲೆ ಮಳೆಹನಿ ನಿಂತಿತ್ತು. ನಾನು ಸೀರೆ ಎತ್ತಿಕೊಂಡು ದೂರ ನಿಂತೆ. ಮುದುಕಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುವವಳು.

"ಯೇ ಪೋರಿ, ದೂರ ಯಾಕ ನಿಂತಿ? ತಪ್ಪಲ ಕಚ್ಚೂದಿಲ್ಲ."

ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು, ಗರುಗದ ಎಲೆ ಕೂಡಿಸಿ, ಕಲ್ಲಿನ ಮೇಲೆ ಅರೆದು ಮುದ್ದೆ ಮಾಡಿ ಮುತ್ತಲ ಎಲೆಯಲ್ಲಿ ಕಟ್ಟಿದಳು. ಹಸಿದ ಹೊಟ್ಟೆಯಲ್ಲಿ ಮಜ್ಜಿಗೆಗೆ ಕದಡಿ ಕುಡಿಸಬೇಕು. ಬೇರೆ ಒಂದು ಹಿಡಿ ರಾಜಗಿರಿ, ಮೂಲಂಗಿ ಸೊಪ್ಪು ಕೊಟ್ಟಳು. ಅದನ್ನು ಉಪ್ಪು, ಎಣ್ಣೆ, ಖಾರ ಇಲ್ಲದೆ ಬೇಯಿಸಿ ಗಂಜಿಯ ಜೊತೆ ತಿನ್ನಿಸಬೇಕು. ಇದರಿಂದ ಏನಾಗುತ್ತದೆ ಎಂದು ಕೇಳಿದೆ.

ಅವಳು ತನ್ನ ಬಲಪಕ್ಕೆಯ ಕೆಳಗೆ, ಯಕೃತ್ತು ಇರುವಲ್ಲಿ, ಅಂಗೈ ಇಟ್ಟು ತೋರಿಸಿದಳು. "ಇಲ್ಲಿ ಕಾಳಜಾ ಐತಿ ನೋಡ. ಅದು ಈಗ ಅಂಜೇತಿ. ಅಂಜಿದ ಕೂಸಿನ ಮ್ಯಾಲ ಕೈ ಇಡ್ತೀವಲ್ಲ, ಹಂಗ ಈ ತಪ್ಪಲದ ರಸ ಹೋಗಿ ಕೈ ಇಡತೈತಿ. ಅಷ್ಟ. ಮುಂದಿಂದ ಅದ ತಾನ ಮಾಡ್ಕೋತೈತಿ."

ಆಮೇಲೆ ತನ್ನ ಕಟ್ಟಳೆ ಹೇಳಿದಳು. ಔಷಧ ಒಯ್ಯುವ ಕೈ ಒಂದೇ ಇರಬೇಕು. ಒಯ್ದ ಕೈಯೇ ಕುಡಿಸಬೇಕು. ಕುಡಿಸುವಾಗ ಮೂರನೆಯವರು ನೋಡಬಾರದು. ದುಡ್ಡು ಕೊಡಬಾರದು, ಗುಣವಾದ ಮೇಲೆ ಒಂದು ತೆಂಗಿನಕಾಯಿ ತಂದು ಹೊಸ್ತಿಲ ಮೇಲೆ ಇಟ್ಟು ಹೋಗಬೇಕು. ಅತ್ತೆ ಈ ಕಟ್ಟಳೆಯನ್ನು ಬಲ್ಲವಳು. ಅದಕ್ಕೇ ಹನ್ನೊಂದು ದಿನ ಆ ಹೊತ್ತಿನಲ್ಲಿ ಕೋಣೆಯ ಕಡೆ ಒಮ್ಮೆಯೂ ತಲೆ ಹಾಕಲಿಲ್ಲ. ಮಜ್ಜಿಗೆ ಬಟ್ಟಲನ್ನು ನನ್ನ ಕೈಗಿಟ್ಟು, ಮುಖ ತಿರುಗಿಸಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ಹೋಗುವಳು. ಅವಳ ಆ ನಂಬಿಕೆಯ ಹಿಂದೆ ನಾನು ಹಿತ್ತಲ ಬಾಗಿಲು ತೆರೆದು ನುಗ್ಗೆಯ ಕಡೆ ಹೋಗುವೆನು. ಎಲೆಯ ಜೀವಗಳು ಮಣ್ಣಿಗೆ ಮರಳಿದವು, ಒಂದು ಪಾಪ ತಪ್ಪಿತು ಎಂದು ಸಹ ಅಂದುಕೊಳ್ಳುತ್ತಿದ್ದೆ. ಬೇಯಿಸಿದ ಸೊಪ್ಪನ್ನು ಬೇಲಿಯಾಚೆಯ ಎಮ್ಮೆಗೆ ಹಾಕುತ್ತಿದ್ದೆ. ತಂಗಿಗೆ ಗಂಜಿ, ಬೆಲ್ಲದ ನೀರು.

ನಾಲ್ಕನೆಯ ದಿನವೋ ಐದನೆಯ ದಿನವೋ ನಾನು ಸೊಪ್ಪಿನ ತಟ್ಟೆ ಹಿಡಿದು ಹೊರಡುವಾಗ ತಂಗಿ ಕರೆದಳು.

"ಅಕ್ಕಾ, ಬಾಯಿಗೆ ಏನೂ ಹತ್ತವಲ್ದು. ಗಂಜಿ ಕಂಡ್ರ ಹೊಟ್ಟಿ ತೊಳಸತೈತಿ. ಆ ತಪ್ಪಲದ ವಾಸನೀ ಛಲೋ ಬರಾಕತ್ತೇತಿ."

ನಾನು ನಿಂತೆ. ತಟ್ಟೆ ನನ್ನ ಕೈಯಲ್ಲೇ ಇತ್ತು. ಹಬೆ ಆಡುತ್ತಿತ್ತು.

"ಕಾರ್ತೀಕ ಎಷ್ಟ ದೂರ ಐತಿ?" ಎಂದೆ.

ಅವಳು ಗೋಡೆಯ ಕಡೆ ಹೊರಳಿದಳು. ನಾನು ಹೋಗಿ ಎಮ್ಮೆಗೆ ಹಾಕಿ ಬಂದೆ. ಎಮ್ಮೆ ತಟ್ಟೆಯನ್ನೂ ನೆಕ್ಕಿತು.

ದಿನಾ ಬೆಳಿಗ್ಗೆ ಮುದುಕಿ ಕೇಳುವಳು: "ಉಚ್ಚಿ ಬಣ್ಣ ಹ್ಯಾಂಗ ಐತಿ?" ಅದು ಇನ್ನೂ ಕುದಿಸಿದ ಚಹಾದ ಬಣ್ಣವಿತ್ತು. ನಾನು "ತಿಳಿ ಆಗಾಕತ್ತೇತ್ರಿ ಆಯಿ" ಎನ್ನುತ್ತಿದ್ದೆ. "ಖರೇ?" ಎಂದು ಒಂದು ದಿನ ಕೈಕೆಲಸ ಬಿಟ್ಟು ನನ್ನ ಮುಖ ನೋಡಿದಳು. "ಆಗಿಲ್ಲ ಅಂದ್ರ ಹೇಳ ಪೋರಿ. ಬಸರೀಗೆ ಕಾಮಣಿ ಛಲೋ ಅಲ್ಲ. ತಪ್ಪಲ ನಡೀವಲ್ದು ಅಂದ್ರ ಬೆಳಗಾವಿ ದವಾಖಾನಿಗೆ ಒಯ್ಯಿರಿ ಅಂತೀನಿ. ನನಗೇನ ಅಪಮಾನ ಇಲ್ಲ." ನಾನು "ಖರೇನ ಆಯಿ" ಎಂದೆ. ಅಂದರೆ ಸೊಪ್ಪಿನ ದಾರಿ ಮಾತ್ರವಲ್ಲ, ಡಾಕ್ಟರರ ದಾರಿಯನ್ನೂ ನಾನೇ ಮುಚ್ಚಿದೆ. ಇದನ್ನು ನೆನೆದಾಗ ಈಗಲೂ ಕೂತಲ್ಲಿಂದ ಏಳುತ್ತೇನೆ.

ಹನ್ನೊಂದನೆಯ ದಿನ ಮಧ್ಯಾಹ್ನ ತಂಗಿಗೆ ಹೊಟ್ಟೆನೋವು ಎದ್ದಿತು. ಸೂಲಗಿತ್ತಿ ಬರುವಷ್ಟರಲ್ಲಿ ಮುಗಿದಿತ್ತು. ಗಂಡುಕೂಸು ಎಂದು ಹೇಳುವಷ್ಟು ಬೆಳೆದಿತ್ತಂತೆ. ನಾನು ನೋಡಲಿಲ್ಲ. ತಂಗಿ ಅಳಲಿಲ್ಲ. ನನ್ನ ಮುಖವನ್ನು ನೋಡುತ್ತ ಮಲಗಿದ್ದಳು. ನಾನು ಏನೋ ಹೇಳುವೆನೆಂದು ಕಾಯುತ್ತಿದ್ದಳು ಅನ್ನಿಸುತ್ತದೆ.

ಸಂಜೆ ನೆರೆಯ ಹೆಂಗಸರು ಬಂದು ಕೂತರು. ಒಬ್ಬಳು ಕೇಳಿದಳು, "ಆ ಮುದಿಕಿ ತಪ್ಪಲ ಕುಡಸಾಕ ಹತ್ತಿದ್ರಿ ಅಲ್ಲ? ಅದರ ಕಾವು ಬಸರಿಗೆ ಆಗೂದಿಲ್ಲ ತಗೋರಿ." ಅತ್ತೆ ತಲೆ ಎತ್ತಿದಳು. ದುಃಖಕ್ಕೆ ಹಿಡಿಯಲು ಏನಾದರೂ ಬೇಕಿತ್ತು, ಅದು ಸಿಕ್ಕಿತು. ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡೇ ಹೊಳೆಯ ದಂಡೆಗೆ ನಡೆದಳು. ಬೇಲಿಯ ಹೊರಗೆ ನಿಂತು ಕೂಗಿದಳು.

"ಹೊರಗ ಬಾರ ಮುದಿಕಿ! ನಿನ್ನ ತಪ್ಪಲದ ಕಾವಿಗೆ ನನ್ನ ಮೊಮ್ಮಗ ಕರಗಿ ಹೋದ. ಮಂದಿ ಮನಿ ದೀಪ ಆರಸಾಕ ಕುಂತೀಯೇನ ಇಲ್ಲಿ?"

ಹೊಳೆಗೆ ನೀರಿಗೆ ಹೊರಟವರು ಕೊಡ ಇಳಿಸಿ ನಿಂತರು. ಮುದುಕಿ ಕೈಯಲ್ಲಿ ನೆಲನೆಲ್ಲಿ ಹಿಡಿದುಕೊಂಡೇ ಬಂದಳು. ಆ ದಿನ ನನಗಾಗಿ ಕಿತ್ತಿಟ್ಟದ್ದು ಇರಬೇಕು.

"ನನ್ನ ತಪ್ಪಲ ಹಂಗ ಮಾಡೂದಿಲ್ಲ ತಾಯಿ. ಇಷ್ಟ ವರ್ಷ ಬಸರೀಗೂ ಕೊಟ್ಟೇನಿ, ಬಾಳಂತೀಗೂ ಕೊಟ್ಟೇನಿ." ಆಮೇಲೆ ನನ್ನ ಕಡೆ ತಿರುಗಿದಳು. "ಈಕೀನ್ನ ಕೇಳ. ಕೈ ಈಕೀದ. ಪೋರಿ, ನೀ ಹ್ಯಾಂಗ ಕುಡಿಸಿದಿ? ಮಜ್ಜಿಗ್ಯಾಗ ಏನ, ಬ್ಯಾರೆ ಏನರ ಕೂಡಿಸಿದೇನ?"

ಅಷ್ಟು ಜನರ ನಡುವೆ ಅವಳೊಬ್ಬಳೇ ನನ್ನನ್ನು ಕೇಳಿದಳು. ಎಲ್ಲರೂ ನನ್ನ ಬಾಯಿ ನೋಡಿದರು.

"ನೀವು ಹೇಳಿಧಾಂಗ ಕುಡಿಸೇನ್ರಿ" ಎಂದೆ. "ದಿನಾ ಕುಡಿಸೇನಿ."

ಮುದುಕಿ ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ತಂಗಿಯನ್ನು ಬೆಳಗಾವಿಗೆ ಕರೆದುಕೊಂಡು ಬಂದೆವು. ಡಾಕ್ಟರರು ಬಂದು ನೋಡಿದರು. ಮಲಗಿರಲಿ, ಹಗುರ ಊಟ ಕೊಡಿ ಎಂದರು. ದೀಪಾವಳಿಯ ಹೊತ್ತಿಗೆ ಕಣ್ಣು ಬೆಳ್ಳಗಾದವು. ಕಾಮಾಲೆ ತಾನಾಗಿ ಬಂದ ಹಾಗೆ ತಾನಾಗಿ ಹೋಯಿತು. ಅವಳಿಗೆ ಆಮೇಲೆ ಒಬ್ಬ ಮಗಳು ಹುಟ್ಟಿದಳು, ಗಂಡು ಆಗಲಿಲ್ಲ. ಅತ್ತೆ ಕೊನೆಯವರೆಗೂ ಆ ಮುದುಕಿಯನ್ನು ಶಪಿಸುತ್ತಲೇ ಇದ್ದಳು. ಒಳ್ಳೆಯ ಹೆಂಗಸಿನ ಬಾಯಲ್ಲಿ ಆ ಶಾಪವನ್ನು ಇಟ್ಟವಳು ನಾನು.

ಮುಂದಿನ ಬೇಸಿಗೆಯಲ್ಲಿ ಒಂದು ತೆಂಗಿನಕಾಯಿ ತೆಗೆದುಕೊಂಡು ಖಾನಾಪುರಕ್ಕೆ ಹೋದೆ. ಮುದುಕಿಗೆ ಹೇಳಿಬಿಡಬೇಕೆಂದು ರೈಲಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಬೇಲಿ ಬಿದ್ದಿತ್ತು. ಆಡುಗಳು ಒಳಗೆ ಮೇಯುತ್ತಿದ್ದವು. ನೀರಿಗೆ ಬಂದವಳೊಬ್ಬಳು ಹೇಳಿದಳು: "ಆಕೀ ಕಡೆ ಈಗ ಯಾರು ಹೋಗ್ತಾರ್ರಿ? ಬಸರಿ ಇಳಸಾಕಿ ಅಂತ ಹೆಸರಾತು. ಲೋಂಡಾ ಕಡೆ ಅಡವ್ಯಾಗ ಮಗಳ ಮನಿಗೆ ಹೋದ್ಲಂತ." ಆ ಮಳೆಗಾಲದಲ್ಲಿ ಕಾಮಾಲೆಯಾದವರು ಏನು ಮಾಡಿದರು ಎಂದು ನಾನು ಕೇಳಲಿಲ್ಲ. ಹೊಸ್ತಿಲ ಮೇಲೆ ಕಾಯಿ ಇಡಲು ಹೋದೆ. ಗುಣವಾದವರು ಇಡುವ ಕಾಯಿ ಅದು. ಇಡಲಾಗದೆ ತಿರುಗಿ ತಂದೆ.

ಅಂದಿನಿಂದ ನಾನು ಸೊಪ್ಪು ತಿಂದಿಲ್ಲ. ಮಳೆಗಾಲದಲ್ಲಷ್ಟೇ ಅಲ್ಲ, ಯಾವ ಕಾಲದಲ್ಲೂ. ನೇಮವಲ್ಲ ಅದು, ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಬಸದಿಯಲ್ಲಿ ಅದಕ್ಕೂ ಹೆಸರು ಬಂತು. "ಜೀವಮಾನ ತಪ್ಪಲ ಬಿಟ್ಟಾರ ನೋಡ್ರಿ" ಎಂದು ಹೊಸ ಸೊಸೆಯಂದಿರಿಗೆ ನನ್ನನ್ನು ತೋರಿಸುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನೂ ವಿನಯವೆಂದು ತಿಳಿಯುತ್ತಾರೆ.

ತಂಗಿಯ ಮೊಮ್ಮಗ ಈಗ ಡಾಕ್ಟರಿಕೆ ಓದುತ್ತಿದ್ದಾನೆ. ಸೊಪ್ಪುಗಳಲ್ಲಿ ಯಕೃತ್ತನ್ನು ಕಾಪಾಡುವಂಥ ಸತ್ವಗಳಿವೆ, ನೆಲನೆಲ್ಲಿಯಲ್ಲೂ ಇರಬಹುದೆಂದು ಹುಡುಕುತ್ತಿದ್ದಾರೆ ಎಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ನಾನು ತಡೆಯಲಾರದೆ ಕೇಳಿದೆ: "ಐದ ತಿಂಗಳ ಬಸರಿಗೆ ಕಾಮಣಿ ಆಗಿ, ತಪ್ಪಲ ಕುಡದ್ರ ಕೂಸ ಉಳೀತೈತೇನು?"

"ಹೇಳಾಕ ಬರೂದಿಲ್ಲ ಅಜ್ಜಿ. ಬಸರ್ಯಾಗ ಅದು ಭಾಳ ಕೆಟ್ಟ ಬ್ಯಾನಿ. ತಪ್ಪಲದಿಂದ ಉಳೀತೈತಿ ಅಂತ ಯಾರೂ ಖಾತ್ರಿ ಕೊಡೂದಿಲ್ಲ. ಉಳೀತಿದ್ದಿಲ್ಲ ಅಂತನೂ ಅನ್ನಾಕ ಆಗೂದಿಲ್ಲ."

ಎರಡರಲ್ಲಿ ಒಂದನ್ನು ಅವನು ಹೇಳಿದ್ದರೆ ನನಗೆ ನಿದ್ದೆ ಬರುತ್ತಿತ್ತು. ತಂಗಿ ಎದುರಿಗೇ ಕೂತಿದ್ದಳು. ಅವನು ಎದ್ದು ಹೋದ ಮೇಲೆ, ತಟ್ಟೆಯಲ್ಲಿ ಕೈ ಆಡಿಸುತ್ತ, ಐವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಆಡಿದಳು.

"ನೀ ಕುಡಿ ಅಂದಿದ್ರ ನಾ ಕುಡೀತಿದ್ದೆ ಅಕ್ಕಾ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ಈ ಆಷಾಢದಲ್ಲಿ ಬಸದಿಗೆ ಒಬ್ಬಳು ಹುಡುಗಿ ಬಂದಳು. ಮೊದಲ ಬಸುರಿ. ಹುಡುಗಿಯ ಅತ್ತೆ ಅವಳನ್ನು ಮುಂದೆ ತಳ್ಳಿ, "ಇವರ ಕೈಮ್ಯಾಲ ಕೈ ಇಟ್ಟ ನೇಮ ಹಿಡಿ, ಗಟ್ಟಿ ಆಗತೈತಿ" ಎಂದಳು. ಬಳೆ ತುಂಬಿದ ಕೈ ನನ್ನ ಕಡೆ ಬಂತು. ನಾನು ನನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ನನ್ನ ಕೈಮ್ಯಾಲ ಬ್ಯಾಡವಾ. ನೇಮ ಹಿಡಿಯೂದಿದ್ರ ದೇವರ ಮುಂದ ಹಿಡಿ. ಬ್ಯಾನಿ ಬಂದ್ರ ಬಿಡತೀನಿ ಅಂತ ಹೇಳೇ ಹಿಡಿ. ಯಾವ ಅಕ್ಕನ ಮಾರೀನೂ ನೋಡಬ್ಯಾಡ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ವಯಸ್ಸಾಯಿತು, ಪಾಪ, ಎಂದು ಯಾರೋ ಅಂದರು. ಅಲ್ಲಿಯೇ ಎಲ್ಲ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಮನೆಗೆ ಬಂದು ಬರೆಯಲು ಕೂತೆ.

ತಂಗಿಗೆ ಓದಿ ತೋರಿಸಿದ್ದೇನೆ. ಕೂಸಿನ ಮಾತು ಬಂದಲ್ಲಿ ಅವಳು ಎದ್ದು ಒಳಗೆ ಹೋದಳು. ಮತ್ತೆ ಬಂದು ಕೂತು, "ಮುಂದ ಓದು" ಎಂದಳು. ಅವಳ ಹತ್ತಿರ ನಾನು ಕ್ಷಮೆ ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾಳೆ. ನಾನು ಕೇಳಿದ್ದನ್ನು ಅವಳು ಎಂದೂ ಇಲ್ಲ ಎಂದವಳಲ್ಲ.

ಮುದುಕಿ ಈಗ ಎಲ್ಲಿಯೂ ಇರಲಾರಳು. ಅವಳ ಮಗಳ ಮಕ್ಕಳು ಲೋಂಡಾದ ಕಡೆ ಇರಬಹುದು. ಖಾನಾಪುರದಲ್ಲಿ ಆ ಹಳೆಯ ಮಾತು ಯಾರಿಗಾದರೂ ಇನ್ನೂ ನೆನಪಿದ್ದರೆ ಅವರಿಗೆ ಇದನ್ನು ಓದಿ ಹೇಳಿ: ಆ ಹೆಂಗಸಿನ ಸೊಪ್ಪಿನಿಂದ ಯಾರ ಬಸುರೂ ಇಳಿಯಲಿಲ್ಲ. ಅವಳು ಕೊಟ್ಟದ್ದು ನನ್ನ ತಂಗಿಯ ನಾಲಿಗೆಗೆ ಒಂದು ಹನಿಯೂ ತಾಕಲಿಲ್ಲ. ಔಷಧವಷ್ಟನ್ನೂ ನಾನು ನುಗ್ಗೆಯ ಬುಡಕ್ಕೆ ಸುರಿದೆ, ಮತ್ತು ಅವಳು ಕೇಳಿದಾಗ ಕುಡಿಸಿದ್ದೇನೆ ಎಂದೆ.